ಬಾವೀಲಿ ಈಜು ಕಲಿತವರು ಕಡಲಿಗೆ ಇಳಿದಾಗ

ಬಸ್ಸಲ್ಲಿ ಕೂತು ಕೇಳ್ತಿದ್ದೀರೋ, ಹೊಲದ ಬದು ಮೇಲೆ ಕೂತು ಕೇಳ್ತಿದ್ದೀರೋ, ಒಂದು ಹದಿನೈದು ನಿಮಿಷ ನನಗೆ ಕೊಡಿ. ಇವತ್ತು ಸಮುದ್ರದ ಕಥೆ.

ನಗಬೇಡಿ. ಮಧುಗಿರಿಯವನಿಗೂ ಸಮುದ್ರಕ್ಕೂ ಏನು ಸಂಬಂಧ ಅಂತ ನಮ್ಮ ಮನೇಲೂ ಕೇಳಿದ್ರು. ಅಮ್ಮ ಅಂತೂ, "ಇಲ್ಲಿರೋ ಕೆರೆ ಸಾಲದು ಅಂತ ಅಷ್ಟು ದೂರ ಮುಳುಗೋಕೆ ಹೋಗ್ಬೇಕೇನೋ?" ಅಂದ್ರು.

ನಾವು ಹೋಗಿದ್ದು ನಾಲ್ಕು ಜನ. ಮಧುಗಿರಿಯಿಂದ ನಾನು, ಶಿರಾದಿಂದ ಒಬ್ಬರು ಮೇಷ್ಟ್ರು, ಪಾವಗಡದ ನನ್ನ ಗೆಳೆಯ, ಕೊರಟಗೆರೆಯಿಂದ ನನ್ನ ಚಿಕ್ಕಮ್ಮನ ಮಗಳು. ಕುಣಿಗಲ್, ಹಾಸನ ದಾಟಿ, ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡೆಗೆ. ಅಲ್ಲೊಂದು ಗೆಳೆಯರ ಬಳಗ ಸಣ್ಣದಾಗಿ ನಡೆಸೋ ಈಜು-ಓಟ. ಮೊದಲು ಸಮುದ್ರದಲ್ಲಿ 500 ಮೀಟರ್ ಈಜು, ಆಮೇಲೆ ಮರಳಲ್ಲಿ 5 ಕಿಲೋಮೀಟರ್ ಓಟ. ಗೆದ್ದವರಿಗೆ ದುಡ್ಡಿಲ್ಲ, ಮುಗಿಸಿದವರಿಗೆಲ್ಲ ಬನ್ಸು, ಚಹಾ.

ಈ ಆಟಕ್ಕೆ ಅಕ್ವಾಥ್ಲಾನ್ ಅಂತ ಹೆಸರು. ಮಧ್ಯೆ ಸೈಕಲ್ ಸೇರಿದ್ರೆ ಟ್ರಯಥ್ಲಾನ್. ದೊಡ್ಡ ಸ್ಪರ್ಧೆಗಳಲ್ಲಿ 1 ಕಿಲೋಮೀಟರ್ ಈಜು, 5 ಕಿಲೋಮೀಟರ್ ಓಟ ಇರುತ್ತೆ. ಮಂಗಳೂರಿನ ತಣ್ಣೀರುಬಾವಿ ಬೀಚಲ್ಲೂ ಈಚಿನ ವರ್ಷಗಳಲ್ಲಿ ಟ್ರಯಥ್ಲಾನ್ ನಡೀತಿದೆ. ಹೆಸರು ನೋಡಿ, ಸಮುದ್ರದ ದಡಕ್ಕೆ ತಣ್ಣೀರು ಬಾವಿ ಅಂತ! ಬಾವಿ ಅಂದ ಕೂಡಲೇ ನಮ್ಮ ಕಡೆಯವರಿಗೆ ಧೈರ್ಯ ಬಂದುಬಿಡುತ್ತೆ.

ಯಾಕಂದ್ರೆ ನಾವು ಈಜು ಕಲಿತಿದ್ದೇ ಬಾವೀಲಿ. ಸೊಂಟಕ್ಕೆ ಹಗ್ಗ, ಬೆನ್ನಿಗೆ ಖಾಲಿ ಎಣ್ಣೆ ಕ್ಯಾನು. ಮೇಲೆ ಮೆಟ್ಟಿಲ ಮೇಲೆ ಹಗ್ಗ ಹಿಡಿದು ನಿಂತಿರೋ ಮಾವ. ನೀವು ಹೆದರಿ ನಿಂತ್ರೆ ಹಿಂದಿನಿಂದ ಒಂದು ತಳ್ಳು. ಅಷ್ಟೇ ಕೋಚಿಂಗ್. ನಮ್ಮ ಅಪ್ಪನ ಕಾಲದಲ್ಲಿ ಕ್ಯಾನ್ ಬದಲು ಒಣಗಿದ ಸೋರೆ ಬುರುಡೆ ಕಟ್ತಿದ್ರಂತೆ. ಹಗ್ಗ ಮಾತ್ರ ಆವಾಗಲೂ ಇತ್ತು.

ಆಮೇಲೆ ಏನಾಯ್ತು, ನಿಮಗೇ ಗೊತ್ತು. ಬೋರ್‌ವೆಲ್ ಬಂತು, ಅಂತರ್ಜಲ ಇಳೀತು, ತೆರೆದ ಬಾವಿಗಳು ಒಂದೊಂದಾಗಿ ಬತ್ತಿದವು. ಜಯಮಂಗಲಿ ಹೊಳೇಲಿ ನೀರಿಗಿಂತ ಮರಳು ನೋಡಿದ್ದೇ ಜಾಸ್ತಿ. ಹಾಗಾಗಿ ನನಗಿಂತ ಹತ್ತು ವರ್ಷ ಚಿಕ್ಕವರು ತುಂಬ ಜನ ಈಜೇ ಕಲೀಲಿಲ್ಲ. ಇನ್ನು ಹೆಣ್ಣುಮಕ್ಕಳು? ಅವರನ್ನ ಬಾವಿಗೆ ಇಳಿಸಿದವರೇ ಕಮ್ಮಿ. ನನ್ನ ತಂಗಿ ಈಜು ಕಲಿತಿದ್ದು ಕೆಲಸ ಸಿಕ್ಕ ಮೇಲೆ, ತುಮಕೂರಿನ ಈಜುಕೊಳದಲ್ಲಿ, ತನ್ನ ಸಂಬಳದ ದುಡ್ಡು ಕಟ್ಟಿ.

ಸರಿ, ರೇಸ್ ದಿನಕ್ಕೆ ಬರೋಣ. ಓಟದ ಬಗ್ಗೆ ನಮಗೆ ಚಿಂತೆ ಇರಲಿಲ್ಲ. ಮಧುಗಿರಿಯ ಏಕಶಿಲಾ ಬೆಟ್ಟ ಹತ್ತಿ ಇಳಿದ ಕಾಲುಗಳು. ಈಜೂ ಬರುತ್ತೆ ಅನ್ನೋ ಕೊಬ್ಬು ನನಗಿತ್ತು. ಬೆಳಗ್ಗೆ ಆರೂವರೆ, ಎಲ್ಲರ ತಲೆಗೂ ಕಿತ್ತಳೆ ಟೋಪಿ. ದೂರದಲ್ಲಿ ತೇಲ್ತಿರೋ ಹಳದಿ ಬುರುಡೆ, ಅದಕ್ಕೆ ಬೋಯ್ ಅಂತಾರೆ, ಅದನ್ನ ಸುತ್ತಿ ವಾಪಸ್ ಬರಬೇಕು. ಪಕ್ಕದಲ್ಲಿ ಮೂರು ಕಯಾಕ್, ಒಂದು ನಾಡದೋಣಿ.

ಶುರುವಾಗೋ ಮುಂಚೆ ಒಬ್ಬರು ಹಿರಿಯರು ಹೇಳಿದ್ರು: "ಸುಸ್ತಾದ್ರೆ ಕೈ ಎತ್ತಿ. ಕಯಾಕ್ ಬರುತ್ತೆ. ಅದನ್ನ ಹಿಡಿದು ಎಷ್ಟು ಹೊತ್ತಾದ್ರೂ ಸುಧಾರಿಸ್ಕೊಳ್ಳಿ. ಅದು ನಿಮ್ಮನ್ನ ಮುಂದಕ್ಕೆ ಎಳೆಯದೆ ಇದ್ರೆ ಸಾಕು, ನೀವು ಇನ್ನೂ ರೇಸಲ್ಲೇ ಇದ್ದೀರಿ." ನಾನು ಮನಸ್ಸಲ್ಲೇ, ಇದು ಹೊಸಬರಿಗೆ ಅಂದ್ಕೊಂಡೆ.

ನೂರು ಮೀಟರ್‌ಗೆ ಗೊತ್ತಾಯ್ತು ನಾನೇ ಹೊಸಬ ಅಂತ. ಬಾವಿ ನೀರು ನಿಂತಿರುತ್ತೆ, ನಾಲ್ಕು ಕಡೆ ಗೋಡೆ ಕಾಣುತ್ತೆ, ಹತ್ತು ಸಲ ಕೈ ಬೀಸಿದ್ರೆ ಕಲ್ಲು ಸಿಗುತ್ತೆ. ಇಲ್ಲಿ ಕೈಗೆ ಏನೂ ಸಿಗಲ್ಲ. ಸಮುದ್ರದ ಉಪ್ಪು, ಲೀಟರಿಗೆ ಸುಮಾರು 35 ಗ್ರಾಂ, ನಿಮ್ಮನ್ನ ಸ್ವಲ್ಪ ಎತ್ತಿ ಹಿಡಿಯುತ್ತೆ ನಿಜ. ಆದ್ರೆ ಅದೇ ಉಪ್ಪು ನೀರು ಬಾಯಿಗೆ ಹೋದ್ರೆ ಉಸಿರಿನ ಲಯವೇ ತಪ್ಪುತ್ತೆ. ತಲೆ ಎತ್ತಿ ನೋಡ್ತೀನಿ, ಬುರುಡೆ ಎಡಗಡೆ ಎಲ್ಲೋ ಇದೆ. ನಾನು ಬಲಗಡೆ ಎಲ್ಲೋ ಹೋಗ್ತಿದ್ದೀನಿ. ಸಮುದ್ರದಲ್ಲಿ ಆರೆಂಟು ಸಲ ಕೈ ಬೀಸಿದ ಮೇಲೆ ಒಂದ್ಸಲ ತಲೆ ಎತ್ತಿ ಗುರಿ ನೋಡ್ಕೋಬೇಕು. ಬಾವೀಲಿ ಕಲಿತವನಿಗೆ ಆ ಅಭ್ಯಾಸವೇ ಇಲ್ಲ.

ಎದೆ ಡಬಡಬ ಅಂತಿದೆ. ಕೈ ಎತ್ಲಾ, ಬೇಡ್ವಾ? ನಿಜ ಹೇಳ್ತೀನಿ, ಆ ಕ್ಷಣದಲ್ಲಿ ಮುಳುಗೋ ಭಯಕ್ಕಿಂತ ಮರ್ಯಾದೆ ಭಯ ಜಾಸ್ತಿ ಇತ್ತು. ಆವಾಗ ನೋಡ್ತೀನಿ, ನನ್ನ ತಂಗಿ ಒಂದು ಕಯಾಕ್ ಹಿಡ್ಕೊಂಡು ಆರಾಮಾಗಿ ಉಸಿರಾಡ್ತಿದ್ದಾಳೆ. "ಬಾರೋ ಅಣ್ಣ, ಇಲ್ಲಿ ಜಾಗ ಇದೆ" ಅಂದ್ಳು. ಕೈ ಎತ್ತಿದೆ. ಒಂದೆರಡು ನಿಮಿಷ ಇಬ್ಬರೂ ಹಿಡ್ಕೊಂಡಿದ್ವಿ. ಆಮೇಲೆ ಜೊತೇಲಿ ಬುರುಡೆ ಸುತ್ತಿ, ದಡಕ್ಕೆ ಬಂದು, ಒದ್ದೆ ಮರಳಲ್ಲಿ ಓಡಿ ಮುಗಿಸಿದ್ವಿ. ಕೊನೆಯಿಂದ ಲೆಕ್ಕ ಹಾಕಿದ್ರೆ ಒಳ್ಳೇ ಸ್ಥಾನವೇ ಬಂತು!

ಸ್ವೀಡನ್‌ನಲ್ಲಿ 2002ರಲ್ಲಿ ನಾಲ್ವರು ಒಂದು ಬಾಜಿ ಕಟ್ಟಿದ್ರು. ಒಂದು ದ್ವೀಪದಿಂದ ಇನ್ನೊಂದಕ್ಕೆ ಈಜು, ಓಟ ಎರಡರಲ್ಲೇ ಹೋಗ್ಬೇಕು ಅಂತ. ಒಂದು ದಿನಕ್ಕಿಂತ ಜಾಸ್ತಿ ಹಿಡೀತು. 2006ರಲ್ಲಿ ಅದು ಸುಮಾರು 75 ಕಿಲೋಮೀಟರ್‌ನ ದೊಡ್ಡ ರೇಸ್ ಆಯ್ತು, ಹೆಸರು ಓಟಿಲ್ಲೋ. ಅದರ ನಿಯಮ ಏನು ಗೊತ್ತಾ? ಇಬ್ಬಿಬ್ಬರು ಜೊತೆಯಾಗೇ ಹೋಗಬೇಕು. ನೀರಿನ ವಿಷಯದಲ್ಲಿ ಅಷ್ಟು ಪಳಗಿದವರೇ ಒಂಟಿಯಾಗಿ ಬಿಡಲ್ಲ.

ಈಗ ನಾನು ನಿಜವಾಗಿ ಹೇಳಬೇಕು ಅಂತಿರೋ ಮಾತು. ವಾಪಸ್ ಬರುವಾಗ ಕಾರಲ್ಲಿ ಪಾವಗಡದ ಗೆಳೆಯ ಸುಮ್ಮನಿದ್ದ. ಹಾಸನ ದಾಟಿದ ಮೇಲೆ ಅಂದ: "ನಮ್ಮೂರ ಕೃಷಿ ಹೊಂಡದ ಹತ್ರ ಒಂದು ಹಗ್ಗಾನೂ ಇಲ್ಲ ಕಣೋ."

ನಮ್ಮ ಕಡೆ ಈಗ ಬಾವಿ ಬದಲು ಕೃಷಿ ಹೊಂಡ. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಒಣಭೂಮಿಯಲ್ಲಿ ಇವು ಹೆಚ್ಚಾದವು. ಬೆಳೆಗೆ ಒಳ್ಳೇದೇ. ಆದ್ರೆ ಒಳಗೆ ಹಾಸಿರೋದು ಪ್ಲಾಸ್ಟಿಕ್ ಹಾಳೆ. ಇಳಿಜಾರು, ಮೇಲೆ ಪಾಚಿ. ಜಾರಿ ಬಿದ್ದವರಿಗೆ ಈಜು ಬಂದ್ರೂ ಹತ್ತೋಕೆ ಆಗಲ್ಲ. ಒಳ್ಳೇ ಮಳೆಯಾದ ವರ್ಷ ಕೆರೆಗಳೂ ತುಂಬ್ತವೆ. ನೀರು ನೋಡಿ ಗೊತ್ತಿಲ್ಲದ ಮಕ್ಕಳು ಖುಷೀಲಿ ಇಳೀತಾರೆ. ನಮ್ಮ ದೇಶದಲ್ಲಿ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ನೀರಲ್ಲಿ ಮುಳುಗಿ ಸಾಯ್ತಾರೆ.

ಹಾಗಾಗಿ ಮೂರೇ ಕೆಲಸ. ಒಂದು, ಹೊಂಡ ಇದ್ರೆ ಸುತ್ತ ಬೇಲಿ ಹಾಕಿ. ದಡದಲ್ಲಿ ಗಟ್ಟಿ ಗೂಟ ನೆಟ್ಟು, ಮೊಳಕ್ಕೊಂದು ಗಂಟು ಹಾಕಿದ ಹಗ್ಗ ನೀರಿನವರೆಗೆ ಇಳಿಬಿಡಿ. ಎರಡು, ಪಕ್ಕದಲ್ಲಿ ಮುಚ್ಚಳ ಬಿಗಿಯಾಗಿರೋ ಖಾಲಿ ಕ್ಯಾನ್‌ಗೆ ಹಗ್ಗ ಕಟ್ಟಿ ಇಡಿ. ಯಾರಾದ್ರೂ ಮುಳುಗ್ತಿದ್ರೆ ನೀವು ಹಾರಬೇಡಿ, ಅದನ್ನ ಎಸೀರಿ, ಕೂಗಿ ಜನ ಸೇರಿಸಿ. ಮೂರು, ನಿಮ್ಮ ಮನೆ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಗೊತ್ತಿರೋರ ಕೈಲಿ ಈಜು ಕಲಿಸಿ.

ಗೆಳೆಯ ಊರಿಗೆ ಬಂದ ಮಾರನೇ ದಿನವೇ ತನ್ನ ಹೊಂಡಕ್ಕೆ ಹಗ್ಗ ಕಟ್ಟಿ ವಾಟ್ಸಾಪಲ್ಲಿ ಫೋಟೋ ಹಾಕಿದ. ಶಿರಾ ಮೇಷ್ಟ್ರು ಅದನ್ನ ಶಾಲೇಲಿ ಮಕ್ಕಳಿಗೆ ತೋರಿಸಿದ್ರು. ಅಮ್ಮ ಕೇಳಿದ್ರು, "ಬಹುಮಾನ ಏನೋ ಬಂತು?" ಬನ್ಸು ಅಂದೆ.

ನಿಮ್ಮೂರ ಹೊಂಡಕ್ಕೆ ಹಗ್ಗ ಇದೆಯಾ? ಇವತ್ತು ಸಂಜೆ ಒಂದ್ಸಲ ಹೋಗಿ ನೋಡಿ ಬನ್ನಿ. ಮುಂದಿನ ಸಂಚಿಕೇಲಿ ಸಿಗೋಣ.