ಯುದ್ಧವನ್ನು ಒಲ್ಲೆನೆಂದ ಪತ್ರಿಕೆಗಳು



ಪತ್ರಿಕೆಗಳು ಹುಟ್ಟಿದ ದಿನವನ್ನು ನಾವು ಸಮಾರಂಭ ಮಾಡಿ ನೆನೆಯುತ್ತೇವೆ. ಅವು ಹೇಗೆ ನಿಂತವು ಎಂದು ಕೇಳುವವರು ವಿರಳ. ಇಂದು ನಾನು ಈ ಎರಡನೆಯ ಪ್ರಶ್ನೆಯನ್ನೇ ಎತ್ತಿಕೊಂಡಿದ್ದೇನೆ.

1903ರಲ್ಲಿ ಜಪಾನು ರಷ್ಯದ ವಿರುದ್ಧ ಸಜ್ಜಾಗುತ್ತಿದ್ದಾಗ ಟೋಕಿಯೋದ ‘ಯೊರೊಜು ಚೋಹೋ’ ಪತ್ರಿಕೆ ಇದ್ದಕ್ಕಿದ್ದಂತೆ ಯುದ್ಧದ ಪರ ವಾಲಿತು. ಅದರ ಬರಹಗಾರರಾದ ಕೊತೊಕು ಶೂಸುಯಿ ಮತ್ತು ಸಕಾಯಿ ತೊಶಿಹಿಕೊ ರಾಜೀನಾಮೆಯಿತ್ತು, ಆ ನವೆಂಬರಿನಲ್ಲೇ ‘ಹೇಮಿನ್ ಶಿಂಬುನ್’, ಅಂದರೆ ಸಾಮಾನ್ಯರ ಪತ್ರಿಕೆ, ಎಂಬ ಸಮಾಜವಾದಿ ವಾರಪತ್ರಿಕೆಯನ್ನು ಆರಂಭಿಸಿದರು. ಯುದ್ಧ ನಡೆದಿರುವಾಗಲೇ ಅದು ಶತ್ರುದೇಶದ ಸಮಾಜವಾದಿಗಳಿಗೆ ಬಹಿರಂಗ ಪತ್ರ ಬರೆಯಿತು. ಟಾಲ್‌ಸ್ಟಾಯರ ಯುದ್ಧವಿರೋಧಿ ಲೇಖನವನ್ನು ಅನುವಾದಿಸಿ ಅಚ್ಚುಹಾಕಿತು. ನಿಷೇಧ, ದಂಡ, ಸೆರೆವಾಸಗಳು ಬೆನ್ನಟ್ಟಿದವು. 1905ರ ಜನವರಿ 29ರ ಕೊನೆಯ ಸಂಚಿಕೆಯನ್ನು ಅವರು ಕೆಂಪು ಮಸಿಯಲ್ಲಿ ಮುದ್ರಿಸಿದರು. ಕೊತೊಕುವನ್ನು ಪ್ರಭುತ್ವವು 1911ರಲ್ಲಿ ಗಲ್ಲಿಗೇರಿಸಿತು.

ದೂರದ ಕಥೆಯೆನ್ನಬೇಡಿ. ನಾವು ಅನ್ನ ಉಣ್ಣುತ್ತಿರುವ ಈ ಗುಜರಾತಿನಲ್ಲೇ ಇದಕ್ಕೆ ಹತ್ತಿರದ ಚರಿತ್ರೆಯಿದೆ. ಇಂದುಲಾಲ್ ಯಾಜ್ಞಿಕರು 1915ರಲ್ಲಿ ಆರಂಭಿಸಿದ ಮಾಸಿಕವು 1919ರ ಸೆಪ್ಟೆಂಬರಿನಲ್ಲಿ ಗಾಂಧೀಜಿಯವರ ‘ನವಜೀವನ’ ವಾರಪತ್ರಿಕೆಯಾಗಿ ಅಹಮದಾಬಾದಿನಿಂದ ಹೊರಟಿತು. ಆದರೆ ಇಲ್ಲಿ ಒಂದು ಕಹಿಸತ್ಯವನ್ನು ಮುಚ್ಚಿಡಬಾರದು. ಅದಕ್ಕೆ ಒಂದೇ ವರ್ಷ ಹಿಂದೆ, 1918ರ ಬೇಸಗೆ ಕಳೆಯುತ್ತಿದ್ದಂತೆ, ಇದೇ ಗಾಂಧೀಜಿ ಖೇಡಾ ಜಿಲ್ಲೆಯ ಹಳ್ಳಿಹಳ್ಳಿ ಅಲೆದು ಬ್ರಿಟಿಷರ ಸೈನ್ಯಕ್ಕೆ ಜನ ಸೇರಿಸಲು ಹೆಣಗಿದ್ದರು. ಕರನಿರಾಕರಣೆಗೆ ಬೆನ್ನಿಗೆ ನಿಂತಿದ್ದ ರೈತರು ಈ ಕೆಲಸಕ್ಕೆ ಗಾಡಿಯನ್ನೂ ಕೊಡಲಿಲ್ಲ. ನನ್ನ ಮಟ್ಟಿಗೆ ಆ ಗಾಡಿ ಕೊಡದ ರೈತರೇ ಗುಜರಾತಿನ ಮೊದಲ ಯುದ್ಧವಿರೋಧಿಗಳು. ಮೂರು ವರ್ಷಗಳ ತರುವಾಯ, ಈ ಸರ್ಕಾರದ ಸೈನ್ಯದಲ್ಲಿರುವುದೇ ಪಾಪವೆಂಬ ಅರ್ಥದ ಲೇಖನವನ್ನು ಗಾಂಧೀಜಿ ‘ಯಂಗ್ ಇಂಡಿಯಾ’ದಲ್ಲಿ ಬರೆದರು. ಆ ಲೇಖನವೂ ಸೇರಿದಂತೆ ಮೂರು ಬರಹಗಳಿಗಾಗಿ 1922ರ ಮಾರ್ಚ್ 18ರಂದು ಅಹಮದಾಬಾದಿನಲ್ಲಿ ಆರು ವರ್ಷದ ಶಿಕ್ಷೆ ಪಡೆದರು.

ಆಗ ‘ನವಜೀವನ’ದ ಸಂಪಾದಕತ್ವದ ಹೊಣೆ ಹೊತ್ತವರಲ್ಲಿ ಪ್ರಮುಖರು ಯಾರು? ಕಾಕಾ ಕಾಲೇಲ್ಕರ್. ಮನೆಮಾತು ಮರಾಠಿಯಾದರೂ ಕಾರವಾರ, ಧಾರವಾಡ, ಬೆಳಗಾವಿಗಳ ಗಾಳಿಯಲ್ಲಿ ಬೆಳೆದವರು, ಬೆಳಗಾವಿಯಲ್ಲಿ ಮೇಷ್ಟರಾಗಿದ್ದವರು. 1910ರಲ್ಲಿ ಬಡೋದೆಯ ಗಂಗನಾಥ ವಿದ್ಯಾಲಯಕ್ಕೆ ಬಂದು, ಗುಜರಾತಿಯನ್ನು ಕಲಿತು, ಕೊನೆಗೆ ಗುಜರಾತಿಗಳೇ ಮೆಚ್ಚುವ ಗದ್ಯ ಬರೆದರು. ನಮ್ಮಲ್ಲಿ ಎಷ್ಟೋ ಮಂದಿ ಮೂವತ್ತು ವರ್ಷವಾದರೂ ತರಕಾರಿ ಅಂಗಡಿಯ ಗುಜರಾತಿಯಲ್ಲೇ ನಿಂತಿದ್ದೇವೆ, ಇರಲಿ. ಪತ್ರಿಕೆಯ ಬರಹಕ್ಕಾಗಿ ಅವರಿಗೂ ಒಂದು ವರ್ಷ ಸಬರಮತಿಯ ಸೆರೆಯಾಯಿತು. ಅಲ್ಲಿಂದ ಹುಟ್ಟಿದ ಅವರ ಪುಸ್ತಕದಲ್ಲಿ ದ್ವೇಷದ ಮಾತಿಗಿಂತ ಹಕ್ಕಿ, ಇರುವೆ, ಅಳಿಲುಗಳೇ ಹೆಚ್ಚು.

ಎರಡನೆಯ ಮಹಾಯುದ್ಧ ಬಂತು. 1940ರ ಅಕ್ಟೋಬರ್ 17ರಂದು ವಿನೋಬಾ ಯುದ್ಧದ ವಿರುದ್ಧ ಮಾತನಾಡಿ ವೈಯಕ್ತಿಕ ಸತ್ಯಾಗ್ರಹ ಆರಂಭಿಸಿದರು. ಆ ಸತ್ಯಾಗ್ರಹದ ಸುದ್ದಿಯನ್ನು ಮೊದಲು ತನ್ನ ಅಧಿಕಾರಿಗೆ ತೋರಿಸಿ ಅಚ್ಚುಹಾಕಬೇಕೆಂದು ಸರ್ಕಾರ ಸೂಚಿಸಿತು. ಗಾಂಧೀಜಿ ‘ಹರಿಜನ’ವನ್ನೂ ಅದರ ಸೋದರ ಪತ್ರಿಕೆಗಳನ್ನೂ ತಾವೇ ನಿಲ್ಲಿಸಿದರು. ಕತ್ತರಿಸಿದ ಸತ್ಯವನ್ನು ಮಾರುವುದಕ್ಕಿಂತ ಬೀಗ ಹಾಕುವುದು ಅವರಿಗೆ ಮೇಲೆನಿಸಿತು. 1942ರ ಜನವರಿಯಲ್ಲಿ ಪತ್ರಿಕೆ ಪುನಃ ಹೊರಟಿತು. ಆಗಸ್ಟಿನಲ್ಲಿ ಸರ್ಕಾರ ಅಹಮದಾಬಾದಿನ ನವಜೀವನ ಮುದ್ರಣಾಲಯವನ್ನೇ ವಶಪಡಿಸಿಕೊಂಡಿತು. ‘ಹರಿಜನ’ ಮತ್ತೆ ಓದುಗರ ಕೈಸೇರಿದ್ದು 1946ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಕೊತೊಕುವಿನ ನಾಡಿನಲ್ಲಿ ಹಿರೋಶಿಮಾ, ನಾಗಸಾಕಿಗಳು ಉರಿದು ಆರು ತಿಂಗಳಾಗಿತ್ತು.