ಹುಣಿಸೆಯ ಬೀಜದ ಬೆಲೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಮಡಕಶಿರಾ ಸೀಮೆಯವರಿಗೆ ಹುಣಿಸೆಮರವನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ. ಸುಗ್ಗಿ ಬಂದಿತೆಂದರೆ ಮನೆಮನೆಯ ಜಗಲಿಯ ಮೇಲೆ ತಾಯಂದಿರು ಹಣ್ಣನ್ನು ಕುಟ್ಟಿ ಬೀಜ ಬಿಡಿಸುತ್ತಾರೆ. ಹಣ್ಣು ಹಿಂದೂಪುರದ ಮಾರುಕಟ್ಟೆಗೆ ಹೋಗುತ್ತದೆ. ಮಕ್ಕಳು ನಾಲ್ಕು ಬೀಜಗಳನ್ನು ತೇಯ್ದು ಚೌಕಾಬಾರದ ಕವಡೆ ಮಾಡಿಕೊಳ್ಳುತ್ತಾರೆ. ಉಳಿದುದು ಗೋಣಿಚೀಲ ತುಂಬಿ, ಬಂದ ಬೆಲೆಗೆ ಮಾರಿಹೋಗುತ್ತದೆ. ಕಾಯಿಯ ಒಟ್ಟು ತೂಕದಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೀಜವೇ ಎಂಬುದನ್ನು ನೆನೆದರೆ, ನಾವು ಎಷ್ಟನ್ನು ಕಡೆಗಣಿಸುತ್ತಿದ್ದೇವೆಂಬುದು ತಿಳಿದೀತು.

ಒಮ್ಮೆ ತರಗತಿಯಲ್ಲಿ ಕಂಬಳಿಯ ಮಾತು ಬಂದಾಗ, ಅದರ ನೂಲಿಗೆ ಹಾಕುವ ಗಂಜಿ ಯಾವುದೆಂದು ಕೇಳಿದೆವು. ಯಾರೂ ಉತ್ತರ ಕೊಡಲಿಲ್ಲ. ಒಬ್ಬ ಹುಡುಗನು ಮಾತ್ರ ತಲೆ ತಗ್ಗಿಸಿದನು. ಅವನ ಅಜ್ಜ ಕಂಬಳಿ ನೇಯುವವರೆಂದು ಆಮೇಲೆ ತಿಳಿಯಿತು. ಅದನ್ನು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಆ ಭಾನುವಾರ ಅವನನ್ನೇ ಮುಂದಿಟ್ಟುಕೊಂಡು ಅಜ್ಜನ ಬಳಿಗೆ ಹೋದೆವು. ಅವರು ಹುಣಿಸೆಯ ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ನುಣ್ಣಗೆ ಅರೆದು, ನೀರಿನಲ್ಲಿ ಕುದಿಸಿ ಅಂಟು ಮಾಡಿ ತೋರಿಸಿದರು. "ಇದಿಲ್ದಿದ್ರೆ ನೂಲು ಮಗ್ಗದಾಗೆ ನಿಲ್ಲಾಕಿಲ್ಲ ಸ್ವಾಮಿ" ಎಂದರು.

ಆ ಮಾತಿನಲ್ಲಿ ವಿಜ್ಞಾನವೇ ಅಡಗಿದೆ. ಬೀಜದ ಬೇಳೆಯಲ್ಲಿ ಗ್ಲೂಕೋಸ್, ಕ್ಸೈಲೋಸ್, ಗ್ಯಾಲಕ್ಟೋಸ್ ಎಂಬ ಸಕ್ಕರೆಗಳು ಹೆಣೆದುಕೊಂಡು ಆದ ಅಂಟುಪದಾರ್ಥವೊಂದಿದೆ. ಕುದಿಸಿದರೆ ಅದು ನೀರನ್ನು ಮಂದವಾಗಿಸುತ್ತದೆ. ನೂಲಿನ ಮೇಲೆ ತೆಳುಪೊರೆಯಾಗಿ ಒಣಗಿ, ಎದ್ದ ಎಳೆಗಳನ್ನು ಅಡಗಿಸಿ, ಮಗ್ಗದ ತಿಕ್ಕಾಟದಲ್ಲಿ ನೂಲು ಹರಿಯದಂತೆ ಕಾಯುತ್ತದೆ. ಹತ್ತಿ ಹಾಗೂ ಸೆಣಬಿನ ಗಿರಣಿಗಳು ಇದರ ಹಿಟ್ಟನ್ನು ಬಯಸಿದುದು ಈ ಗುಣಕ್ಕಾಗಿಯೇ. ಸಕ್ಕರೆಯೊಡನೆ ಇದು ಹಣ್ಣಿನ ಪೆಕ್ಟಿನ್ನಿನಂತೆ ಹೆಪ್ಪುಗಟ್ಟುವುದೆಂಬುದನ್ನು ೧೯೪೦ರ ದಶಕದಲ್ಲಿ ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೆಳಕಿಗೆ ತಂದರು. ಇಂದು ಜಪಾನಿನಲ್ಲಿ ಐಸ್‌ಕ್ರೀಮು, ಸಾಸುಗಳನ್ನು ಮಂದಗೊಳಿಸಲು ಇದನ್ನು ಬಳಸುತ್ತಾರೆ. ಒಣಗುವ ಕಣ್ಣಿಗೆ ಹಾಕುವ ಹನಿಮದ್ದುಗಳಲ್ಲಿಯೂ ಇದುಂಟು. ಬೀಜ ನಮ್ಮ ಜಗಲಿಯದು. ಲಾಭ ಮಾತ್ರ ದೂರದವರದು.

ಆದುದರಿಂದ ನಮ್ಮದೊಂದು ಬಿನ್ನಹ. ಹತ್ತು ಮನೆಯವರು ಕೂಡಿ ಬೀಜವನ್ನು ಹುರಿದು, ಸಿಪ್ಪೆ ಬೇರ್ಪಡಿಸಿ, ಹುಳು ಹಿಡಿಯದಂತೆ ಒಣಗಿಸಿ, ಬೇಳೆಯನ್ನಾಗಿಯೇ ಮಾರಲಿ. ಒಗರಾದ ಆ ಕಂದುಸಿಪ್ಪೆಯೂ ವ್ಯರ್ಥವಲ್ಲ. ಅದರಲ್ಲಿರುವ ಟ್ಯಾನಿನ್ ತೊಗಲು ಹದಮಾಡಲು, ಬಣ್ಣ ಕಟ್ಟಲು ಬರುತ್ತದೆ. ಬರುವ ಸುಗ್ಗಿಗೆ ಸಂಘವು ಮುಂದಾಗಿ ಕೊಳ್ಳುವವರನ್ನು ಹುಡುಕಿಕೊಟ್ಟರೆ, ಬೆರಳು ಸವೆಸಿ ಬೀಜ ಬಿಡಿಸುವ ತಾಯಂದಿರ ಕೈಗೆ ನಾಲ್ಕು ಕಾಸು ಹೆಚ್ಚು ಸೇರೀತು.

ಆ ಹುಡುಗನ ಸಂಗತಿ ಹೇಳಿ ಮುಗಿಸುತ್ತೇವೆ. ಮರುದಿನ ಅವನು ತರಗತಿಯಲ್ಲಿ ಎದ್ದು ನಿಂತು, ಅಂಟು ಮಾಡುವ ಕ್ರಮವನ್ನು ಅಜ್ಜನ ಕನ್ನಡದಲ್ಲಿಯೇ ಹೇಳಿದನು. ನಾವು ಅದನ್ನು ಕರಿಹಲಗೆಯ ಮೇಲೆ ಬರೆದೆವು.