ಬಿಳಿಯ ಖಲಾತ್



ರಷ್ಯನ್ನರ ಉಡುಪಿನ ಪೆಟ್ಟಿಗೆಯಲ್ಲಿ ತುರ್ಕಿ ನುಡಿಗಳು ತುಂಬಿವೆ: ನಿಲುವಂಗಿ ‘ಕಫ್ತಾನ್’, ನಡುಕಟ್ಟು ‘ಕುಶಾಕ್’, ಪಾದರಕ್ಷೆ ‘ಬಶ್ಮಾಕ್’. ವೈದ್ಯರಾದ ನಮ್ಮನ್ನು ತಡೆದು ನಿಲ್ಲಿಸುವ ಪದವೆಂದರೆ ‘ಖಲಾತ್’. ಅರಸರು ಹೊದಿಸುತ್ತಿದ್ದ ಮರ್ಯಾದೆಯ ವಸ್ತ್ರಕ್ಕೆ ಅರಬ್ಬಿಯಲ್ಲಿದ್ದ ಹೆಸರು ತುರ್ಕಿಯ ಮೂಲಕ ರಷ್ಯವನ್ನು ಸೇರಿ, ಮನೆಯುಡುಪಿಗೂ ವೈದ್ಯರ ಬಿಳಿಯಂಗಿಗೂ ಸಂದಿತು. ಅದೇ ಪದ ಪಾರಸಿಯ ದಾರಿಯಿಂದ ನಮ್ಮ ಮೈಸೂರು ಅರಮನೆಗೂ ಬಂದು ‘ಖಿಲ್ಲತ್ತು’ ಎನಿಸಿತು. ಅಲ್ಲಿ ತನ್ನ ಮಾನವನ್ನು ಉಳಿಸಿಕೊಂಡಿತೆನ್ನಬೇಕು.

ಮಾಸ್ಕೋದಲ್ಲಿ ಹಾಗಾಗಲಿಲ್ಲ. 1953ರ ಜನವರಿಯಲ್ಲಿ ಹೆಸರಾಂತ ವೈದ್ಯರನ್ನು, ಅವರಲ್ಲಿ ಬಹುಮಂದಿ ಯೆಹೂದ್ಯರು, ‘ಬಿಳಿಯ ಖಲಾತಿನ ಕೊಲೆಗಾರರು’ ಎಂಬ ಅಪವಾದಕ್ಕೆ ಗುರಿಮಾಡಲಾಯಿತು. ಮಾರ್ಚಿಯಲ್ಲಿ ಸ್ಟಾಲಿನ್ ತೀರಿಕೊಂಡರು. ಏಪ್ರಿಲಿನಲ್ಲಿ ಸರ್ಕಾರವೇ ಆರೋಪ ಸುಳ್ಳೆಂದು ಸಾರಿ ಬಂದಿಗಳನ್ನು ಬಿಟ್ಟಿತು. ಪ್ರಾಧ್ಯಾಪಕ ಯಾಕೊವ್ ಎಟಿಂಗರ್ ಆ ಬಿಡುಗಡೆಯನ್ನು ಕಾಣಲಿಲ್ಲ. 1951ರಲ್ಲಿಯೇ ಸೆರೆಮನೆಯಲ್ಲಿ ಅಸುನೀಗಿದ್ದರು.